ಹದಿನಾಲ್ಕಕ್ಕೆ ನಿಲ್ಲುವ ಲೆಕ್ಕ: ಹಿಂದಿನದನ್ನು ಬಿಡಲಾಗದ ಪಾತ್ರ ಬರೆಯುವ ಬಗೆ

ಅಂಕೋಲೆಯ ಹತ್ತಿರ ನಮ್ಮೂರಲ್ಲಿ ಹದಿನೆಂಟು ವರ್ಷದಿಂದ ನಾಟಕ ಬರೆದು ಆಡಿಸುತ್ತಿದ್ದೇನೆ. ಶಾಲೆಯ ಜಗಲಿಯಲ್ಲಿ ತಾಲೀಮು, ಹಬ್ಬಕ್ಕೆ ಪ್ರಯೋಗ. ಹೊಸದಾಗಿ ಬರೆಯುವ ಹುಡುಗ ಹುಡುಗಿಯರು ತರುವ ನಾಟಕದಲ್ಲಿ ಒಂದು ಪಾತ್ರ ಇದ್ದೇ ಇರುತ್ತದೆ. ಯಾವತ್ತೋ ಆದದ್ದನ್ನು ಮರೆಯಲಾಗದೆ ಅಲ್ಲೇ ನಿಂತುಬಿಟ್ಟವರು. ಆ ಪಾತ್ರ ಕಿಟಕಿ ಪಕ್ಕ ನಿಂತು ಎರಡು ಪುಟ ಮಾತಾಡುತ್ತದೆ. ನಾನೂ ಮೊದಲು ಹಾಗೇ ಬರೆದೆ. ಎರಡನೇ ತಾಲೀಮಿಗೇ ಗೊತ್ತಾಯಿತು. ಜಗಲಿಯಲ್ಲಿ ಕುಳಿತು ನೋಡುತ್ತಿದ್ದವರು ಆಗಲೇ ತಮ್ಮತಮ್ಮಲ್ಲಿ ಮಾತಿಗೆ ಇಳಿದಿದ್ದರು.

ನಮ್ಮ ನಾಟಕ ಮನೆ ಬಿಟ್ಟು ಬಂದ ಒಬ್ಬ ಆಯಿಯ ಕಥೆ. ಕಾರವಾರ ಮತ್ತು ಅಂಕೋಲೆ ನಡುವಿನ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. 2005ರಲ್ಲಿ ಅದು ಐಎನ್‌ಎಸ್ ಕದಂಬ ಎಂಬ ಹೆಸರಲ್ಲಿ ಶುರುವಾಯಿತು. ಅದಕ್ಕಾಗಿ ಕಡಲ ದಂಡೆಯ ಎಷ್ಟೋ ಮನೆಯವರು ಹಿತ್ತಲು, ಗದ್ದೆ ಬಿಟ್ಟು ಪುನರ್ವಸತಿ ಕಾಲೊನಿಗೆ ಬಂದರು. ನಾಟಕದ ಆಯಿ, ಅವಳ ಮನೆ ನನ್ನ ಕಲ್ಪನೆ. ಆದರೆ ಅಂಥ ಅಂಗಳಗಳನ್ನು ನಾನು ನೋಡಿದ್ದೇನೆ.

ಮೊದಲ ಕೆಲಸ ಇದು: ದೊಡ್ಡ ದುಃಖವನ್ನು ಬದಿಗಿಡಿ. ಮುಗಿಯದೆ ಉಳಿದ ಒಂದು ಸಣ್ಣ ವಿಷಯ ಹುಡುಕಿ. ‘ಊರು ಹೋಯಿತು’ ಅನ್ನುವುದನ್ನು ಯಾವ ನಟಿಯೂ ಆಡಿ ತೋರಿಸಲಾರಳು. ನಾನು ತುಂಬ ದಿನ ಒದ್ದಾಡಿದ್ದು ಇಲ್ಲೇ. ಪರಿಹಾರಕ್ಕೆ ಮರಗಳನ್ನೂ ಎಣಿಸುತ್ತಾರೆ ಅಲ್ವಾ? ಅಲ್ಲಿಂದ ದಾರಿ ಸಿಕ್ಕಿತು. ಎಣಿಸಲು ಬಂದವರು ಕೇಳುತ್ತಾರೆ, ‘ತೆಂಗು ಎಷ್ಟು?’ ಆಯಿ ‘ಹದಿನಾಲ್ಕು’ ಅನ್ನುತ್ತಾಳೆ. ಕೊಟ್ಟಿಗೆ ಹಿಂದೆ ಇನ್ನೊಂದು ಇತ್ತು. ಮಗಳು ಹುಟ್ಟಿದ ವರ್ಷ ನೆಟ್ಟದ್ದು. ಮಗಳು ಉಳಿಯಲಿಲ್ಲ, ಮರ ಉಳಿದಿತ್ತು. ಆ ಗಡಿಬಿಡಿಯಲ್ಲಿ ಅವಳೇ ಅದನ್ನು ಮರೆತಳು. ಬೇರೆ ಯಾರದಾದರೂ ತಪ್ಪಾಗಿದ್ದರೆ ಬೈದು ಹಗುರಾಗುತ್ತಿದ್ದಳು. ತಪ್ಪು ತನ್ನದೇ ಆದ್ದರಿಂದ ಇಪ್ಪತ್ತು ವರ್ಷವಾದರೂ ಬಿಟ್ಟಿಲ್ಲ. ನಿಮ್ಮ ಪಾತ್ರಕ್ಕೂ ಇದನ್ನೇ ಕೇಳಿ: ಆ ದಿನ ನೀನು ಏನು ಮಾಡಿದೆ, ಏನು ಮಾಡದೆ ಬಿಟ್ಟೆ?

ಆಮೇಲೆ ಅದನ್ನು ಬಾಯಿಂದ ತೆಗೆದು ಕೈಗೆ ಕೊಡಿ. ನಮ್ಮ ಆಯಿ ಎಣಿಸುತ್ತಾಳೆ. ಬಂಗಡೆ ಸೋಸುವಾಗ, ಅಕ್ಕಿ ಆರಿಸುವಾಗ, ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹೋಗುತ್ತದೆ. ಹದಿನಾಲ್ಕಕ್ಕೆ ನಿಲ್ಲುತ್ತದೆ. ಮತ್ತೆ ಒಂದರಿಂದ ಶುರು. ಪಾತ್ರ ಮಾಡುವವರಿಗೆ ನಾನು ಹೇಳಿದ್ದು ಇಷ್ಟೆ: ನಿಟ್ಟುಸಿರು ಬೇಡ, ಮೇಲೆ ನೋಡುವುದು ಬೇಡ, ದನಿ ನಡುಗಿಸುವುದು ಬೇಡ. ಸಂತೆಯಲ್ಲಿ ಚಿಲ್ಲರೆ ಎಣಿಸುವ ಹಾಗೆ ಎಣಿಸಿ. ಆಯಿಗೆ ಅದು ಹಳೆಯ ನೆನಪಲ್ಲ, ಇವತ್ತಿನ ಕೆಲಸ. ಈ ಮಾತು ಹಿಡಿಸಿದ ಮೇಲೆ ನಟಿಯ ಬೆನ್ನೇ ನೆಟ್ಟಗಾಯಿತು.

ಮೂರನೆಯದನ್ನು ನಾನು ಯಕ್ಷಗಾನದಿಂದ ಕಲಿತೆ. ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲೇ ಕೆರೆಮನೆ ಮೇಳ ಶುರುವಾದ ಜಿಲ್ಲೆ ನಮ್ಮದು. ಅಂಬೆಯ ಪಾತ್ರ ನೋಡದವರು ಇಲ್ಲಿ ಕಡಿಮೆ. ಅವಳಷ್ಟು ಹಿಂದಕ್ಕೆ ಸಿಕ್ಕಿಕೊಂಡವರು ಯಾರಿದ್ದಾರೆ? ಭೀಷ್ಮ ರಥಕ್ಕೆ ಏರಿಸಿಕೊಂಡು ಹೋದ ಆ ಒಂದು ದಿನದಿಂದ ಅವಳು ಆಚೆ ಬರಲೇ ಇಲ್ಲ. ಇನ್ನೊಂದು ಜನ್ಮದಲ್ಲಿ ಶಿಖಂಡಿಯಾದಾಗಲೂ ಅದೇ ಲೆಕ್ಕ. ಆದರೂ ನಡುರಾತ್ರಿಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಯಾಕೆ? ಅವಳು ಪ್ರತಿ ಸಲ ಎದುರಿಗಿರುವವರ ಹತ್ತಿರ ಏನನ್ನೋ ಕೇಳುತ್ತಾಳೆ. ಸಾಲ್ವನಿಗೆ ‘ನನ್ನನ್ನು ಸೇರಿಸಿಕೋ’, ಭೀಷ್ಮನಿಗೆ ‘ಮದುವೆಯಾಗು’, ಪರಶುರಾಮನಿಗೆ ‘ನ್ಯಾಯ ಕೊಡಿಸು’. ಬೇಡಿಕೆ ಇವತ್ತಿನದು, ಉತ್ತರವೂ ಈಗಲೇ ಬೇಕು. ನಮ್ಮ ಆಯಿಯೂ ಕೇಳಬೇಕು ಅಂತ ತೀರ್ಮಾನ ಮಾಡಿದೆ. ಅವಳು ಮಗನಿಗೆ ಹೇಳುತ್ತಾಳೆ, ‘ಅದೊಂದು ಬರೆಸಿ ಬಾ. ದುಡ್ಡು ಬೇಡ. ಹೆಸರು ಸೇರ್ಲಿ ಸಾಕು.’ ಮಗ ರಿಕ್ಷಾ ಓಡಿಸುವವನು. ಒಂದು ದಿನದ ಬಾಡಿಗೆ ಬಿಟ್ಟು ಹೋಗಬೇಕು. ಇಲ್ಲಿ ಜಗಳ ಹುಟ್ಟಿತು, ನಾಟಕವೂ ಹುಟ್ಟಿತು.

ಹಾಗಾಗಿ ಮನೆಯವರನ್ನು ಸುಮ್ನೆ ನಿಲ್ಲಿಸಬೇಡಿ. ಒಬ್ಬರು ಹಿಂದೆ ಉಳಿದರೆ ಉಳಿದವರು ಬದುಕನ್ನು ಅದಕ್ಕೆ ತಕ್ಕಂತೆ ಬಗ್ಗಿಸಿಕೊಂಡಿರುತ್ತಾರೆ. ನಮ್ಮ ಸೊಸೆ ಎಣಿಕೆ ಮುಗಿಯುವವರೆಗೆ ಗಂಜಿ ಬಡಿಸುವುದಿಲ್ಲ. ಅವಳಿಗೆ ಒಂದೇ ಒಂದು ಸಿಟ್ಟಿನ ಮಾತು ಕೊಟ್ಟೆ: ‘ಆಯಿ, ಈ ಮನೇಲಿ ಹುಟ್ಟಿದ ಮಕ್ಕಳನ್ನೂ ಒಂದ್ಸಲ ಎಣ್ಸಿ.’ ಆಯಿಯ ಎರಡು ಪುಟದ ಮಾತಿನ ಕೆಲಸವನ್ನು ಈ ಒಂದು ಸಾಲು ಮಾಡಿತು.

ನೀಲಿ ಬೆಳಕು ಹಾಕಿ, ಕೊಳಲು ಬಾರಿಸಿ ಹಿಂದಿನ ದೃಶ್ಯ ತೋರಿಸುವ ಆಸೆ ಬರುತ್ತದೆ. ಬೇಡ. ನೋಡುವವರು ಆ ಮರವನ್ನು ಕಣ್ಣಾರೆ ನೋಡಿಬಿಟ್ಟರೆ ಆಯಿಯ ಬಾಯಿಂದ ಕೇಳುವ ಹಸಿವು ಇರುವುದಿಲ್ಲ. ತುಂಡು ತುಂಡಾಗಿ ಬರಲಿ, ಮೀನು ಮಾರಲು ಬಂದವಳ ಹತ್ತಿರ ಅರ್ಧ, ಮೊಮ್ಮಗಳ ಹತ್ತಿರ ಅರ್ಧ.

ಇನ್ನೊಂದು ಮಾತು ಮುಖ್ಯ. ಪಾತ್ರದ ಮುಂದೆ ಒಂದು ಬಾಗಿಲು ತೆರೆದಿಡಿ. ದಾರಿಯೇ ಇಲ್ಲದವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ, ಅಷ್ಟೆ. ದಾರಿ ಇದ್ದೂ ಕಾಲಿಡಲಾಗದವರನ್ನು ನೋಡಿದರೆ ಕುಳಿತಲ್ಲಿ ಕುಳಿತಿರಲು ಆಗುವುದಿಲ್ಲ. ಮಗ ಒಂದು ತೆಂಗಿನ ಸಸಿ ತರುತ್ತಾನೆ, ಗುಂಡಿಯನ್ನೂ ತೋಡುತ್ತಾನೆ. ಆಯಿ ನೆಡಲು ಬಿಡುವುದಿಲ್ಲ. ಆದರೆ ದಿನಾ ತಂಬಿಗೆಯಲ್ಲಿ ನೀರು ಹಾಕುತ್ತಾಳೆ. ಪ್ಲಾಸ್ಟಿಕ್ ಚೀಲದಲ್ಲೇ ಬೇರು ಹೊರಗೆ ಬರುತ್ತದೆ.

ಕೊನೆಯಲ್ಲಿ ಅವಳನ್ನು ಗುಣಪಡಿಸಲು ಹೋಗಬೇಡಿ. ನಮ್ಮ ಕೊನೆಯ ದೃಶ್ಯದಲ್ಲಿ ಅವಳು ಹದಿನಾಲ್ಕಕ್ಕೆ ನಿಂತಾಗ ಮೊಮ್ಮಗಳು ಆಟದ ನಡುವೆ ‘ಹದಿನೈದು’ ಅನ್ನುತ್ತಾಳೆ. ಆಯಿ ಅವಳ ಕಡೆ ತಿರುಗುತ್ತಾಳೆ. ಅಲ್ಲಿಗೆ ಬೆಳಕು ಹೋಗುತ್ತದೆ. ಅವಳು ಏನು ಹೇಳಿದಳು ಅಂತ ತುಂಬ ಜನ ಕೇಳಿದ್ದಾರೆ. ನಾನು ಬರೆದಿಲ್ಲ.

ಸಸಿ ಮಾತ್ರ ನಿಜವಾದದ್ದೇ ಇರಲಿ. ಮೊದಲ ತಾಲೀಮಿನಿಂದ ಒಂದೇ ಸಸಿ ಇಡಿ, ನೀರು ಹಾಕುವ ಕೆಲಸ ಆಯಿಯ ಪಾತ್ರದವರಿಗೇ ಕೊಡಿ. ನಮ್ಮದು ಎರಡು ತಿಂಗಳಲ್ಲಿ ಹೊಸ ಗರಿ ಬಿಟ್ಟಿತ್ತು. ಪ್ರಯೋಗದ ದಿನ ನಟಿ ಅದನ್ನು ಮುಟ್ಟಿದ ರೀತಿಯನ್ನು ನಾನು ಹೇಳಿಕೊಟ್ಟಿರಲಿಲ್ಲ.