ಬ್ಯಾಂಕಾಕನ್ನು ನಡೆದೇ ನೋಡಿದೆ

ಬ್ಯಾಂಕಾಕನ್ನು ನಡೆದು ನೋಡುತ್ತೇನೆ ಎಂದಾಗ ನಮ್ಮ ಚಾರಣದ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಆ ಸೆಕೆಗೆ ಹನ್ನೊಂದು ಗಂಟೆಯೊಳಗೆ ಟ್ಯಾಕ್ಸಿ ಹತ್ತುತ್ತೀರಿ, ನೋಡಿ’ ಎಂದರು. ಏಪ್ರಿಲ್ ಬಿಸಿಲಿನಲ್ಲಿ ಹಂಪಿ ಸುತ್ತಿದವರೇ ಹೀಗೆ ಹೇಳಿದ್ದು. ಕಳೆದ ಸಲ ಹಳೆಯ ಊರನ್ನೆಲ್ಲ ಸುತ್ತಿ, ಟ್ಯಾಕ್ಸಿಗೆ ಒಂದು ಬಾತ್ ಕೂಡ ಕೊಡದೆ ಬಂದೆ. ಅವರೇ ಈಗ ದಾರಿ ಕೇಳುತ್ತಿದ್ದಾರೆ.

ಮೊದಲ ಪ್ರಯತ್ನಗಳು ಕೈಕೊಟ್ಟವು. ಸುಖುಮ್‌ವಿಟ್ ಕಡೆ ಕೋಣೆ ಅಗ್ಗಕ್ಕೆ ಸಿಕ್ಕಿತ್ತು. ಆದರೆ ಅಲ್ಲಿಂದ ಅರಮನೆಯ ಕಡೆಗೆ ಟ್ಯಾಕ್ಸಿಗೆ ಇನ್ನೂರು ಬಾತ್ ಹತ್ತಿರ ಹೋಗುತ್ತಿತ್ತು. ವಾಹನಗಳ ದಟ್ಟಣೆಯಲ್ಲಿ ತೆವಳಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿರುತ್ತಿದ್ದ. ಕೋಣೆಯಲ್ಲಿ ಉಳಿಸಿದ ಹಣ ರಸ್ತೆಗೆ ಸುರಿದಂತಾಯಿತು. ಸುಖುಮ್‌ವಿಟ್‌ನಲ್ಲೇ ನಡೆದರೂ ಸುಖವಿಲ್ಲ. ಅಡ್ಡರಸ್ತೆಗಳಿಗೆ ಒಂದು ಬದಿ ಬೆಸ ಸಂಖ್ಯೆ, ಇನ್ನೊಂದು ಬದಿ ಸಮ ಸಂಖ್ಯೆ. ಎದುರುಬದುರಿನ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದರಿಂದ ಪಕ್ಕದ್ದಕ್ಕೆ ದಾಟೋಣವೆಂದರೆ ಹಲವು ಕಡೆ ಕೊನೆಯಲ್ಲಿ ಗೋಡೆ.

ಫಲ ಕೊಟ್ಟ ಕ್ರಮ ಇದು: ಸನಮ್ ಚೈ ಅಥವಾ ಸಾಮ್ ಯೋಟ್ ಮೆಟ್ರೊ ನಿಲ್ದಾಣದ ಆಸುಪಾಸಿನಲ್ಲಿ ಕೋಣೆ ಹಿಡಿಯುವುದು. ಸುಮಾರು ಒಂಬೈನೂರು ಬಾತ್ ಬೀಳುತ್ತದೆ. ದುಬಾರಿ ಎನ್ನಿಸಿದರೂ ಒಟ್ಟು ಲೆಕ್ಕದಲ್ಲಿ ಲಾಭ. ಬೆಳಗಾಗುವ ಮೊದಲೇ ಹೊರಡುವುದು, ಉರಿಬಿಸಿಲಿನಲ್ಲಿ ನಡೆಯದೆ ದೋಣಿಯಲ್ಲಿ ಕೂರುವುದು, ನಾಲ್ಕರ ಮೇಲೆ ಮತ್ತೆ ಕಾಲಿಗೆ ಕೆಲಸ ಕೊಡುವುದು. ಬಂದ ದಾರಿಯಲ್ಲಿ ಮಾತ್ರ ಹಿಂತಿರುಗಬಾರದು.

ನನ್ನ ಆರಂಭ ಪಾಕ್ ಖ್ಲೋಂಗ್ ತಲಾತ್ ಹೂವಿನ ಮಾರುಕಟ್ಟೆಯಿಂದ. ರಾತ್ರಿಯಿಡೀ ನಡೆಯುವ ವ್ಯಾಪಾರ ಅದು. ಬೆಳಗಿನ ಐದೂವರೆಗೂ ಕೈಗಾಡಿಗಳು ಓಡಾಡುತ್ತಲೇ ಇರುತ್ತವೆ. ಅಲ್ಲಿನ ಹೆಂಗಸರು ಮೊಗ್ಗುಗಳನ್ನು ನಮ್ಮವರಂತೆ ದಾರದಲ್ಲಿ ಗಂಟು ಹಾಕಿ ಕಟ್ಟುವುದಿಲ್ಲ. ಮೊಳಕೈಯಷ್ಟು ಉದ್ದದ ಸೂಜಿಗೆ ಸುತ್ತಲೂ ಒಂದೊಂದೇ ಮೊಗ್ಗು ಚುಚ್ಚಿ, ಕೊನೆಗೆ ಇಡೀ ಸಾಲನ್ನು ದಾರಕ್ಕೆ ಜಾರಿಸುತ್ತಾರೆ. ಮೈಸೂರು ಮಲ್ಲಿಗೆ ನೋಡಿ ಬೆಳೆದ ನಾನು ಅಲ್ಲಿ ಅರ್ಧ ಗಂಟೆ ನಿಂತುಬಿಟ್ಟೆ.

ಅಲ್ಲಿಂದ ಅರಮನೆಯ ಬಿಳಿ ಗೋಡೆಗುಂಟ ನಡೆದರೆ ಎಂಟೂವರೆಗೆ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ತಲುಪಬಹುದು. ‘ಇವತ್ತು ಅರಮನೆ ಮುಚ್ಚಿದೆ, ಬೇರೆಡೆ ಕರೆದೊಯ್ಯುತ್ತೇನೆ’ ಎಂದು ದಾರಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ತಲೆ ಎತ್ತದೆ ನಡೆಯಿರಿ. ಟಿಕೆಟ್ ಐನೂರು ಬಾತ್. ಕಾಸು ಎಣಿಸುವ ನಾನೂ ಇದಕ್ಕೆ ಬೇಸರಪಡುವುದಿಲ್ಲ. ಅರಮನೆಯ ಆವರಣದೊಳಗಿನ ದೇವಾಲಯ ವಾಟ್ ಫ್ರಾ ಕೇವ್‌ನ ಮೊಗಸಾಲೆಯ ಗೋಡೆಗಳ ಮೇಲೆ 178 ಚಿತ್ರಗಳಲ್ಲಿ ರಾಮಕಥೆ ಇದೆ. ಮೈರಾವಣನಿಂದ ರಾಮನನ್ನು ಕಾಪಾಡಲು ಹನುಮಂತ ಬೆಳೆದು, ರಾಮನಿರುವ ಮಂಟಪವನ್ನೇ ಬಾಯಲ್ಲಿ ಇಟ್ಟುಕೊಂಡ ಚಿತ್ರವನ್ನು ಹುಡುಕಿ ನೋಡಿ. ಯಕ್ಷಗಾನದಲ್ಲಿ ಮೈರಾವಣನನ್ನು ಕಂಡವರಿಗೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ.

ದಕ್ಷಿಣಕ್ಕೆ ಇಳಿದರೆ ವಾಟ್ ಫೋ, ಮುನ್ನೂರು ಬಾತ್. 46 ಮೀಟರ್ ಉದ್ದಕ್ಕೆ ಮಲಗಿದ ಬುದ್ಧನ ಪಾದಗಳಲ್ಲಿ ಮುತ್ತಿನ ಚಿಪ್ಪಿನ ಕೆತ್ತನೆಯಿದೆ. ಎಲ್ಲರೂ ಮುಖದ ಬಳಿ ಮುಗಿಬೀಳುತ್ತಾರೆ. ನೀವು ಪಾದದ ಬಳಿಗೆ ಹೋಗಿ. ಥಾ ತಿಯೆನ್ ಕಟ್ಟೆಯಿಂದ ಐದು ಬಾತ್‌ಗೆ ನದಿ ದಾಟಿದರೆ ವಾಟ್ ಅರುಣ್.

ಚಪ್ಪಲಿಯ ಪ್ರಯೋಗವನ್ನೂ ಇಲ್ಲೇ ಹೇಳುತ್ತೇನೆ. ಲೇಸಿನ ಬೂಟು ದೇವಾಲಯಗಳಲ್ಲಿ ಬಿಚ್ಚಿ ಕಟ್ಟುವುದರಲ್ಲೇ ಸಮಯ ತಿಂದಿತು, ಹವಾಯಿ ಚಪ್ಪಲಿ ಹಿಮ್ಮಡಿ ಸುಟ್ಟಿತು. ಹಿಂಬದಿ ಪಟ್ಟಿಯ ಸ್ಯಾಂಡಲ್ ಗೆದ್ದಿತು. ಟೊಪ್ಪಿಗಿಂತ ಕೊಡೆ ಎಷ್ಟೋ ಮೇಲು. ಸಸ್ಯಾಹಾರಿಗಳು ಹಳದಿ ಬಾವುಟದ ಮೇಲೆ ಕೆಂಪಕ್ಷರದ ‘ಚೇ’ ಗುರುತು ಹುಡುಕಬೇಕು. ಮೀನಿನ ಸಾಸ್ ಇರುವುದಿಲ್ಲ, ಬೆಳ್ಳುಳ್ಳಿಯೂ ಇರುವುದಿಲ್ಲ. ನಲವತ್ತು ಐವತ್ತು ಬಾತ್‌ಗೆ ಹೊಟ್ಟೆ ತುಂಬುತ್ತದೆ.

ಮಧ್ಯಾಹ್ನಕ್ಕೆ ಸೇನ್ ಸೇಪ್ ಕಾಲುವೆ. ಫಾನ್‌ಫಾ ಕಟ್ಟೆಯಿಂದ ಹನ್ನೆರಡೋ ಹದಿನಾಲ್ಕೋ ಬಾತ್ ಕೊಟ್ಟು ಹತ್ತಿದೆ. ದೋಣಿ ಸೇತುವೆಯ ಕೆಳಗೆ ನುಗ್ಗುವಾಗ ಚಾವಣಿಯೇ ತಗ್ಗುತ್ತದೆ. ಎದುರಿನಿಂದ ಇನ್ನೊಂದು ದೋಣಿ ಬಂದರೆ ಅಂಚಿನಲ್ಲಿ ಕೂತವರು ಹಗ್ಗ ಜಗ್ಗಿ ಟಾರ್ಪಾಲು ಎತ್ತುತ್ತಾರೆ; ಇಲ್ಲದಿದ್ದರೆ ಕಾಲುವೆಯ ಕೊಳಕು ನೀರು ಮುಖಕ್ಕೆ ರಾಚುತ್ತದೆ. ಹೆಲ್ಮೆಟ್ ಹಾಕಿದ ನಿರ್ವಾಹಕರು ಹೊರಅಂಚಿನ ಮೇಲೆ ನಡೆಯುತ್ತಲೇ ಟಿಕೆಟ್ ಕೊಡುತ್ತಾರೆ. ಸಿಯಾಮ್‌ ಹತ್ತಿರ ಇಳಿದು, ಮೆಟ್ರೊ ಹಳಿಯ ಕೆಳಗಿನ ನೆರಳಿನ ಮೇಲ್ದಾರಿಯಲ್ಲಿ ಚಿತ್ ಲೋಮ್‌ವರೆಗೆ ನಡೆದು, ಪ್ರತುನಾಮ್ ಕಟ್ಟೆಯಿಂದ ಫಾನ್‌ಫಾಕ್ಕೆ ಮರಳಿದರೆ ಸಂಜೆ.

ಕಟ್ಟೆಯ ಪಕ್ಕದಲ್ಲೇ ವಾಟ್ ಸಾಕೇತ್‌ನ ಸುವರ್ಣ ಗಿರಿ. 344 ಮೆಟ್ಟಿಲು, ಚಾಮುಂಡಿ ಬೆಟ್ಟ ಹತ್ತುವವರಿಗೆ ಲೆಕ್ಕವೇ ಅಲ್ಲ. ಇಳಿದು ದೈತ್ಯ ಉಯ್ಯಾಲೆಯ ಕೆಂಪು ಕಂಬಗಳ ಕಡೆ ನಡೆದರೆ ಹತ್ತಿರದಲ್ಲೇ ಆಸ್ಥಾನ ಬ್ರಾಹ್ಮಣರ ದೇವಸ್ಥಾನವಿದೆ. 1784ರಲ್ಲಿ ಕಟ್ಟಿದ್ದು. ಅಲ್ಲಿಂದ ಚೀನೀಯರ ಪೇಟೆಯಾದ ಯಾವೊರಾತ್‌ಗೆ ಹೋಗುವ ಗಲ್ಲಿಗಳಲ್ಲಿ ಕಾಲು ಚಾಚಿ ಕೂರಲು ಒಂದು ತಂಪು ಅಂಗಳವನ್ನು ಕಂಡುಕೊಂಡಿದ್ದೇನೆ, ಶುದ್ಧ ಶೌಚಾಲಯವೂ ಇದೆ. ಅದೆಲ್ಲಿ ಎಂದು ಹೇಳುವುದಿಲ್ಲ. ಜನ ಹೆಚ್ಚಿದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ.

ವಾಟ್ ಅರುಣ್ ಮತ್ತು ಸುವರ್ಣ ಗಿರಿಯ ಟಿಕೆಟ್ ಸೇರಿ ಪ್ರವೇಶಕ್ಕೇ ಸಾವಿರದ ನೂರು ಬಾತ್ ಆಗುತ್ತದೆ. ದೋಣಿ, ಮೆಟ್ರೊ ಎಲ್ಲ ಕೂಡಿದರೂ ನೂರು ದಾಟಲಿಲ್ಲ. ಮುಂದಿನ ಸಲ ಪ್ರವೇಶಕ್ಕೆ ಹೆಚ್ಚು ಕೊಡದೆ, ಸ್ಕೈ ಪಾರ್ಕ್ ಸೇತುವೆ ದಾಟಿ ಥೋನ್‌ಬುರಿ ದಡದ ಕುಡಿ ಚೀನ್ ಓಣಿಗಳನ್ನು ಸುತ್ತುವ ಲೆಕ್ಕ ಹಾಕಿದ್ದೇನೆ.