ಮನೋರೋಗ ವಾರ್ಡಿನ ಹೊಸ ಕ್ರಮಕ್ಕೆ ಶುಶ್ರೂಷಕರು ಒಗ್ಗಿಕೊಳ್ಳುವ ಬಗೆ

1987ರ ಹಳೆಯ ಕಾಯ್ದೆಯ ಜಾಗಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ ಒಳರೋಗಿಗಳ ಆರೈಕೆಯಲ್ಲಾದ ಬದಲಾವಣೆಗಳನ್ನು ಹಗಲಿರುಳು ಆಚರಣೆಗೆ ತರಬೇಕಾದವರು ಶುಶ್ರೂಷಕರೇ. ಕಾರವಾರ, ಕುಮಟಾ, ಶಿರಸಿ ಕಡೆಯಲ್ಲಿ ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ರೂಢಿಸಿಕೊಳ್ಳಬೇಕಾದದ್ದು ರೋಗಿಯನ್ನು ಕಟ್ಟಿಹಾಕದೆ ನಿಭಾಯಿಸುವ ಕೌಶಲವನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸರಪಳಿ ಹಾಕುವುದನ್ನೂ ಒಂಟಿಯಾಗಿ ಕೂಡಿಹಾಕುವುದನ್ನೂ ಕಾಯ್ದೆ ಪೂರ್ತಿಯಾಗಿ ನಿಷೇಧಿಸಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ದೈಹಿಕ ನಿರ್ಬಂಧಕ್ಕೆ ಅವಕಾಶವಿದೆ. ಸಿಬ್ಬಂದಿ ಕಡಿಮೆಯಿದ್ದಾರೆ ಎಂಬುದು ಅದಕ್ಕೆ ಕಾರಣವಾಗದು. ರೋಗಿ ಕೆರಳಿದಾಗ ಉಳಿದ ರೋಗಿಗಳನ್ನು ದೂರ ಕಳಿಸಿ, ಒಬ್ಬರೇ ಮಾತನಾಡಿ, ಬಾಗಿಲಿಗೆ ಅಡ್ಡ ನಿಲ್ಲದೆ, ಕೈ ಚಾಚಿದರೆ ಸಿಗದಷ್ಟು ಅಂತರದಲ್ಲಿರಿ. ಮೀನುಗಾರರ ಮನೆಯಿಂದ ಬಂದವರೊಡನೆ ಕೊಂಕಣಿ ಬಲ್ಲ ಸಹೋದ್ಯೋಗಿಯನ್ನು ಮುಂದೆ ಬಿಡುವುದು ಎಷ್ಟೋ ಸಲ ಸೂಜಿಮದ್ದಿಗಿಂತ ಬೇಗ ಫಲ ಕೊಡುತ್ತದೆ. ನಿರ್ಬಂಧ ಅನಿವಾರ್ಯವೇ ಆದರೆ ಕಟ್ಟಿದ ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಬೆರಳ ತುದಿ ತಣ್ಣಗಾಗಿದೆಯೇ, ನೀಲಿಗಟ್ಟಿದೆಯೇ, ಉಸಿರಾಟ ಸರಾಗವಾಗಿದೆಯೇ ಎಂದು ಮತ್ತೆ ಮತ್ತೆ ನೋಡಿ, ನೀರು ಕುಡಿಸಿ. ವಿಧಾನ, ಕಾರಣ, ಅವಧಿ ಮೂರನ್ನೂ ಕೇಸ್ ಶೀಟಿನಲ್ಲಿ ಬರೆಯಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ, ಅಂದರೆ ಕಾಯ್ದೆಯಂತೆ ಆತನ ಪರವಾಗಿ ನಿಲ್ಲುವ ವ್ಯಕ್ತಿಗೆ, 24 ಗಂಟೆಯೊಳಗೆ ತಿಳಿಸಬೇಕು.

ರೋಗಿ ತಾನಾಗಿ ಸೇರಿದ್ದೋ, ಪ್ರತಿನಿಧಿಯ ಕೋರಿಕೆಯ ಮೇಲೆ ಸೇರಿಸಿಕೊಂಡದ್ದೋ ಎಂಬುದನ್ನು ಡ್ಯೂಟಿ ಬದಲಾಗುವಾಗ ಬಾಯಿಮಾತಿನಲ್ಲೂ ಹೇಳಿ. ತಾನಾಗಿ ಸೇರಿದ ವಯಸ್ಕ ರೋಗಿ ಮನೆಗೆ ಹೋಗುತ್ತೇನೆ ಎಂದರೆ, ಅಣ್ಣ ಬರಲಿ ಎಂದು ಸಾಗಹಾಕದೆ ಕೂಡಲೇ ವೈದ್ಯರನ್ನು ಕರೆಯಬೇಕು; ಏಕೆಂದರೆ ತಪಾಸಣೆಗಾಗಿ ತಡೆಯಬಹುದಾದದ್ದು 24 ಗಂಟೆ ಮಾತ್ರ. ಪ್ರತಿನಿಧಿಯ ಕೋರಿಕೆಯ ಮೇಲೆ ಸೇರಿಸಿಕೊಂಡವರಿಗೆ ಮೊದಲ ಮಿತಿ 30 ದಿನ.

ಹೀಗೆ ವಾಸ ಮೊಟಕಾದಷ್ಟೂ ಬಿಡುಗಡೆಯ ಸಿದ್ಧತೆ ಬೇಗ ಶುರುವಾಗಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ಘಟ್ಟದ ರಸ್ತೆ ಮುಚ್ಚಬಹುದಾದ ಊರಿನವರಿಗೆ ಮಾತ್ರೆ ನಡುವೆ ತಪ್ಪದಷ್ಟು ದಾಸ್ತಾನು ಕೊಡಲು ವೈದ್ಯರನ್ನು ಕೇಳಿ. ಮನಸ್ಸಿನ ಅತಿಯಾದ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ಸೇವಿಸುವವರು ಕರಾವಳಿಯ ಬಿಸಿಲಲ್ಲಿ ಬೆವರಿ ನೀರಿನಂಶ ಕಳೆದುಕೊಂಡರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಕೈ ಜೋರಾಗಿ ನಡುಗಿದರೆ, ವಾಂತಿಯಾದರೆ, ಮಾತು ತೊದಲಿದರೆ ಮುಂದಿನ ಮಾತ್ರೆ ನುಂಗದೆ ಆಸ್ಪತ್ರೆಗೆ ಬರಬೇಕೆಂದು ರೋಗಿಗೂ ಮನೆಯವರಿಗೂ ತಿಳಿಹೇಳಿ, ಅವರ ಬಾಯಿಂದಲೇ ಅದನ್ನು ಮತ್ತೊಮ್ಮೆ ಹೇಳಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಔಷಧಿ ಚೀಟಿಯ ಮೇಲೆಯೇ ದೊಡ್ಡದಾಗಿ ಬರೆದುಕೊಡಿ.