ಬೆಳೆಗಾರರ ಕಂಪನಿಗೆ ಕಾರ್ಯತಂತ್ರ ರೂಪಿಸುವ ಕ್ರಮ

ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಕಟ್ಟಿಕೊಂಡ ಉತ್ಪಾದಕ ಕಂಪನಿಯೊಂದು ಐದು ವರ್ಷದ ಯೋಜನೆಗೆ ಕೈಹಾಕುವಾಗ, ಯಾವುದನ್ನು ಲೆಕ್ಕ ಹಾಕಿ ನಿಗದಿಪಡಿಸಬಹುದು, ಯಾವುದಕ್ಕೆ ಸಿದ್ಧವಾಗಿರುವುದಷ್ಟೇ ಸಾಧ್ಯ ಎಂಬುದನ್ನು ನಿರ್ದೇಶಕರು ಮೊದಲು ಬೇರ್ಪಡಿಸಬೇಕು.

ಗುರಿಗೂ ಇಂದಿನ ಸ್ಥಿತಿಗೂ ಇರುವ ಅಂತರವನ್ನು ಅಳೆದು ಹಂತಹಂತವಾಗಿ ತುಂಬಿಸುವ ವಿಧಾನವನ್ನು ನಿರ್ವಹಣಾಶಾಸ್ತ್ರದ ಚಿಂತಕ ಇಗೋರ್ ಆನ್ಸಾಫ್ 1965ರಲ್ಲಿ ವಿವರಿಸಿದರು. ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಕಣ, ಗೋದಾಮು, ಸಾಲದ ಕಂತು ಇವುಗಳಿಗೆ ಅದು ಇಂದಿಗೂ ಸಾಕು. ಕಾಫಿ ಬೆಲೆಗೆ ಮಾತ್ರ ಅದನ್ನು ಅನ್ವಯಿಸಬೇಡಿ.

ಅದೇ ಶಾಸ್ತ್ರದ ಮೈಕೆಲ್ ಪೋರ್ಟರ್ 1980ರ ಹೊತ್ತಿಗೆ ಗಮನವನ್ನು ಮಾರುಕಟ್ಟೆಯ ರಚನೆಯತ್ತ ತಿರುಗಿಸಿದರು. ಬೆಳೆದ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿದ್ದ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಇದ್ದಷ್ಟು ಕಾಲ ಯಾರಿಗೆ ಮಾರಬೇಕೆಂಬ ಪ್ರಶ್ನೆಯೇ ಬೆಳೆಗಾರರಿಗೆ ಇರಲಿಲ್ಲ. 1990ರ ದಶಕದಲ್ಲಿ ಮಾರಾಟ ಮುಕ್ತವಾದಂದಿನಿಂದ ಅದೇ ಮುಖ್ಯ ಪ್ರಶ್ನೆಯಾಗಿದೆ. ಆದ್ದರಿಂದ ಕಳೆದ ಕೆಲವು ಹಂಗಾಮುಗಳಲ್ಲಿ ಯಾವ ಖರೀದಿದಾರನಿಗೆ ಎಷ್ಟು ಹೋಯಿತೆಂದು ಬರೆದು, ಒಬ್ಬನ ಮೇಲೆಯೇ ಭಾರ ಬಿದ್ದಿದೆಯೇ ಎಂದು ನೋಡಿ.

ಆಮೇಲೆ ಬಂದ, ಕಂಪನಿಯ ಬಲವನ್ನು ಅದರೊಳಗೇ ಹುಡುಕುವ ಸಂಪನ್ಮೂಲ ಸಿದ್ಧಾಂತ, ಅದರಲ್ಲೂ ಜೇ ಬಾರ್ನಿ 1991ರಲ್ಲಿ ಮಂಡಿಸಿದ ರೂಪ, ಕೇಳುವುದು ಕಠಿಣವಾದ ಪ್ರಶ್ನೆ: ನಿಮ್ಮಲ್ಲಿರುವುದು ಅಪರೂಪವೇ, ಬೇರೆಯವರು ಅದನ್ನು ಸುಲಭವಾಗಿ ನಕಲು ಮಾಡಬಲ್ಲರೇ? ಚಿಕ್ಕಮಗಳೂರು ಅರೇಬಿಕಾಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯನ್ನು (ಜಿಐ ಟ್ಯಾಗ್) ಎಲ್ಲರೂ ತಮ್ಮ ಬಲವೆಂದು ಬರೆಯುತ್ತಾರೆ; ಆದರೆ ಅದು ಪಕ್ಕದ ತೋಟಕ್ಕೂ ಸಲ್ಲುವಂಥದ್ದು. ಹಣ್ಣನ್ನಷ್ಟೇ ಆರಿಸಿ ಕೊಯ್ಯುವ ಶಿಸ್ತು, ಪ್ರತಿ ಲಾಟಿನ ತೇವಾಂಶದ ದಾಖಲೆ ನಿಮ್ಮಲ್ಲಿದ್ದರೆ ಅವು ನಿಮ್ಮವು.

ಅನಿಶ್ಚಿತ ಸಂಗತಿಗಳಿಗೆ 1970ರ ದಶಕದ ಆರಂಭದಲ್ಲಿ ಶೆಲ್ ತೈಲ ಕಂಪನಿಯಲ್ಲಿ ಪಿಯರ್ ವ್ಯಾಕ್ ಮತ್ತು ಸಂಗಡಿಗರು ಬೆಳೆಸಿದ ಸನ್ನಿವೇಶ ಯೋಜನೆ ಹೆಚ್ಚು ಉಪಯುಕ್ತ. 1973ರ ತೈಲ ಬಿಕ್ಕಟ್ಟಿಗೆ ಮೊದಲೇ ಅವರು ವ್ಯವಸ್ಥಾಪಕರನ್ನು ಅಂಥ ಸಾಧ್ಯತೆಯ ಬಗ್ಗೆ ಯೋಚಿಸುವಂತೆ ಮಾಡಿದ್ದರು. ಹೂಮಳೆ ಕೈಕೊಟ್ಟರೆ, ಕೊಯ್ಲಿಗೆ ಆಳು ಸಿಗದಿದ್ದರೆ, ಬೆಲೆ ಕುಸಿದರೆ ಎಂದು ಎರಡು ಮೂರು ಸನ್ನಿವೇಶಗಳನ್ನು ಬರೆದು, ಪ್ರತಿಯೊಂದರ ಮೊದಲ ಸುಳಿವೇನು, ಆಗ ಯಾವ ಖರ್ಚನ್ನು ನಿಲ್ಲಿಸುವಿರಿ ಎಂಬುದನ್ನೂ ಸೇರಿಸಿ. ಹತ್ತು ಸನ್ನಿವೇಶ ಬರೆದರೆ ಯಾರೂ ಓದುವುದಿಲ್ಲ.

ಬರೆದಿಟ್ಟ ಯೋಜನೆಯೇ ಕಾರ್ಯತಂತ್ರವಲ್ಲ, ಅದು ಕೆಲಸದ ನಡುವೆಯೂ ಹುಟ್ಟುತ್ತದೆ ಎಂದು ಹೆನ್ರಿ ಮಿಂಟ್ಸ್‌ಬರ್ಗ್ ವಾದಿಸಿದರು. ಸದಸ್ಯರೊಬ್ಬರು ಹೋಂಸ್ಟೇ ಅತಿಥಿಗಳಿಗೆ ಕಾಫಿಪುಡಿ ಮಾರತೊಡಗಿದ್ದು ಯಾವ ಯೋಜನೆಯಲ್ಲೂ ಇಲ್ಲದಿರಬಹುದು. ಅಂಥವನ್ನು ದಾಖಲಿಸಲು ಒಂದು ಪುಸ್ತಕವಿಡಿ. ಹೂಮಳೆಯ ನಂತರ ಒಮ್ಮೆ, ಕೊಯ್ಲು ಮುಗಿದ ಮೇಲೆ ಒಮ್ಮೆ ಸಭೆ ಸೇರಿ, ಯೋಜನೆಯ ಯಾವ ಊಹೆ ನಿಂತಿದೆ, ಯಾವುದು ಸುಳ್ಳಾಗಿದೆ ಎಂಬುದನ್ನು ನಡಾವಳಿಯಲ್ಲಿ ಬರೆಸಿ, ಸುಳ್ಳಾದ ಊಹೆಯನ್ನು ನಂಬಿ ಮಂಜೂರಾದ ಹಣವನ್ನು ಅಂದೇ ತಡೆಹಿಡಿಯಿರಿ.